ಜೀರ್ಣಾಂಗಗಳಲ್ಲಿ ಹಾರ್ಮೋನು ಸ್ರವಿಸುವ ಗೆಡ್ಡೆಗಳು: ಪತ್ತೆ ಹಚ್ಚುವ ಕ್ರಮ

ಪೀಠಿಕೆ

ಬೆಳಗಾವಿ, ಕೊಲ್ಹಾಪುರ, ಸಾತಾರಗಳ ಮಾರ್ಗವಾಗಿ ಪುಣೆಗೆ ಹೋಗುವ ಕನ್ನಡಿಗರಿಗೆ ಆ ನಗರದ ದಕ್ಷಿಣದ ಬಾಗಿಲು ಕಾತ್ರಜ. ಘಾಟಿನ ಬುಡದಲ್ಲಿರುವ ಇಲ್ಲಿನ ಕೆರೆಗೆ ಒಂದು ಚರಿತ್ರೆಯಿದೆ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ, ನಾನಾಸಾಹೇಬ ಪೇಶ್ವೆಯ ಆಡಳಿತಕಾಲದಲ್ಲಿ, ಈ ಕೆರೆಯ ನೀರನ್ನು ನೆಲದಡಿಯ ಕಲ್ಲಿನ ಕಾಲುವೆಯ ಮೂಲಕ ಪುಣೆಯ ಪೇಟೆಗಳಿಗೂ ಶನಿವಾರವಾಡೆಗೂ ಹರಿಸಲಾಗಿತ್ತು. ಪೇಟೆಯ ತೊಟ್ಟಿಯಲ್ಲಿ ನೀರು ತುಂಬುವುದನ್ನು ನೋಡುತ್ತ ನಿಂತವನ ಕಣ್ಣಿಗೆ ಅದರ ಮೂಲ ಕಾಣುತ್ತಿರಲಿಲ್ಲ. ಅದು ಕೆಲವು ಮೈಲಿಗಳಾಚೆ ಗುಡ್ಡದ ಮಡಿಲಲ್ಲಿತ್ತು. ತೊಟ್ಟಿಯ ನೀರು ಕೆಟ್ಟಾಗ ತೊಟ್ಟಿಯನ್ನಷ್ಟೇ ತೊಳೆದರೆ ಸಾಲದು. ಕಾಲುವೆಯ ಜಾಡು ಹಿಡಿದು ಮೂಲದವರೆಗೆ ಹೋಗಬೇಕಾಗುತ್ತದೆ.

ಈ ಪಾಠದಲ್ಲಿ ವಿವರಿಸಲಾಗುವ ಗೆಡ್ಡೆಗಳ ಸ್ವಭಾವವೂ ಇಂತಹುದೇ. ಅವು ಜಠರ, ಕರುಳು ಅಥವಾ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತವೆ. ಅನೇಕ ವೇಳೆ ಕಡಲೆಕಾಳಿನಷ್ಟು ಅಥವಾ ನೆಲ್ಲಿಕಾಯಿಯಷ್ಟು ಮಾತ್ರ ಇರುತ್ತವೆ. ಆದರೆ ಅವು ರಕ್ತಕ್ಕೆ ಬಿಡುವ ಹಾರ್ಮೋನು ದೂರದ ಅಂಗಗಳಲ್ಲಿ ಕೋಲಾಹಲವನ್ನು ಉಂಟುಮಾಡುತ್ತದೆ. ರೋಗಿಗೆ ತೊಂದರೆ ಕಾಣುವುದು ಮಿದುಳಿನಲ್ಲಿ, ಚರ್ಮದಲ್ಲಿ, ಶ್ವಾಸದಲ್ಲಿ ಅಥವಾ ಹೃದಯದಲ್ಲಿ, ಮೂಲವಿರುವುದು ಹೊಟ್ಟೆಯಲ್ಲಿ. ಆದುದರಿಂದಲೇ ಇಂತಹ ರೋಗಿಗಳು ವರ್ಷಗಟ್ಟಲೆ ಬೇರೆ ಬೇರೆ ರೋಗಗಳ ಹೆಸರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವುದುಂಟು. ಈ ಗೆಡ್ಡೆಗಳು ವಿರಳವೆಂಬುದು ನಿಜ. ಆದರೆ ಇವುಗಳಲ್ಲಿ ಕೆಲವನ್ನು ಸಕಾಲದಲ್ಲಿ ಗುರುತಿಸಿದರೆ ಒಂದೇ ಶಸ್ತ್ರಕ್ರಿಯೆಯಿಂದ ರೋಗಿ ಪೂರ್ಣವಾಗಿ ಗುಣಹೊಂದಬಲ್ಲನು. ಈ ಕಾರಣಕ್ಕಾಗಿ ಸಾಮಾನ್ಯ ಓದುಗರೂ ಇವುಗಳ ಪರಿಚಯ ಮಾಡಿಕೊಳ್ಳುವುದು ಅವಶ್ಯಕ.

ಕರುಳೂ ಒಂದು ಹಾರ್ಮೋನು ಅಂಗ

ಹಾರ್ಮೋನುಗಳೆಂದರೆ ಒಂದು ಅಂಗದಲ್ಲಿ ಉತ್ಪತ್ತಿಯಾಗಿ, ರಕ್ತದ ಮೂಲಕ ಸಾಗಿ, ಮತ್ತೊಂದು ಅಂಗದ ಕೆಲಸವನ್ನು ನಿಯಂತ್ರಿಸುವ ರಾಸಾಯನಿಕ ದೂತರು. ಹಾರ್ಮೋನು ಎಂದೊಡನೆ ಥೈರಾಯ್ಡ್ ಗ್ರಂಥಿ ನಮ್ಮ ನೆನಪಿಗೆ ಬರುತ್ತದೆ. ಆದರೆ ಹಾರ್ಮೋನೆಂಬ ಕಲ್ಪನೆಗೆ ದಾರಿ ತೋರಿದ್ದು ಕರುಳು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಸಣ್ಣ ಕರುಳಿನ ಒಳಪದರದಲ್ಲಿ ಹುಟ್ಟುವ ‘ಸೆಕ್ರೆಟಿನ್’ ಎಂಬ ವಸ್ತುವು ರಕ್ತದ ಮೂಲಕ ಮೇದೋಜೀರಕ ಗ್ರಂಥಿಯನ್ನು ತಲುಪಿ ಅದರ ರಸವನ್ನು ಹರಿಸುವುದೆಂದು ತೋರಿಸಿಕೊಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂತಹ ವಸ್ತುಗಳಿಗೆ ಹಾರ್ಮೋನು ಎಂಬ ಹೆಸರನ್ನು ಬಳಸಿದರು.

ಜೀರ್ಣನಾಳದ ಉದ್ದಕ್ಕೂ ಹಾರ್ಮೋನು ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ಚದುರಿಕೊಂಡಿವೆ. ಮೇದೋಜೀರಕ ಗ್ರಂಥಿಯಲ್ಲಿ ಅವು ಪುಟ್ಟ ದ್ವೀಪಗಳಂತೆ ಗುಂಪುಗೂಡಿವೆ. ನರಕೋಶಗಳ ಕೆಲವು ಗುಣಗಳೂ ಇವುಗಳಲ್ಲಿ ಇರುವುದರಿಂದ ಇವುಗಳಿಂದ ಹುಟ್ಟುವ ಗೆಡ್ಡೆಗಳಿಗೆ ನ್ಯೂರೋಎಂಡೋಕ್ರೈನ್ ಗೆಡ್ಡೆಗಳೆಂದು ಹೆಸರು. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಎಂಬ ವೈದ್ಯರು ಸಣ್ಣ ಕರುಳಿನ ಇಂತಹ ಗೆಡ್ಡೆಗಳನ್ನು ‘ಕಾರ್ಸಿನಾಯ್ಡ್’, ಅಂದರೆ ಕ್ಯಾನ್ಸರನ್ನು ಹೋಲುವಂತಹವು, ಎಂದು ಕರೆದರು. ಇವು ನಿಧಾನವಾಗಿ ಬೆಳೆಯುತ್ತವೆಂಬುದು ಅವರ ಗಮನಕ್ಕೆ ಬಂದಿತ್ತು. ಆದರೆ ನಿಧಾನವಾಗಿ ಬೆಳೆಯುವುದೆಂದರೆ ನಿರುಪದ್ರವಿ ಎಂದರ್ಥವಲ್ಲ. ಇವುಗಳಲ್ಲಿ ಹಲವು ಕಾಲಾನಂತರದಲ್ಲಿ ಪಿತ್ತಜನಕಾಂಗಕ್ಕೂ ಇತರ ಭಾಗಗಳಿಗೂ ಹರಡಬಲ್ಲವು.

ನಮ್ಮ ದೇಶದಲ್ಲಿ ಈ ರೋಗದ ಹೆಸರು ಜನಸಾಮಾನ್ಯರ ಕಿವಿಗೆ ಬಿದ್ದದ್ದು 2018ರ ಮಾರ್ಚಿಯಲ್ಲಿ, ಚಲನಚಿತ್ರ ನಟ ಇರ್ಫಾನ್ ಖಾನ್ ಅವರು ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆ ಇರುವುದನ್ನು ಪ್ರಕಟಿಸಿದಾಗ. ‘ನ್ಯೂರೋ’ ಎಂಬ ಮಾತನ್ನು ಕೇಳಿ ಅನೇಕರು ಅದನ್ನು ಮಿದುಳಿನ ಗೆಡ್ಡೆಯೆಂದು ಭಾವಿಸಿದರು. ಹೆಸರಿನಿಂದ ಆಗುವ ಈ ತಪ್ಪು ತಿಳಿವಳಿಕೆಯನ್ನು ಮೊದಲು ನಿವಾರಿಸಿಕೊಳ್ಳಬೇಕು. ಈ ಗೆಡ್ಡೆಗಳು ಹೆಚ್ಚಾಗಿ ಕಂಡುಬರುವುದು ಜೀರ್ಣಾಂಗಗಳಲ್ಲಿ ಮತ್ತು ಶ್ವಾಸಕೋಶಗಳಲ್ಲಿ.

ಅಮೆರಿಕದ ಕ್ಯಾನ್ಸರ್ ದಾಖಲೆಗಳ ಪ್ರಕಾರ 1973ರಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 1.09ರಷ್ಟಿದ್ದ ಈ ಗೆಡ್ಡೆಗಳ ಪ್ರಮಾಣ 2012ರಲ್ಲಿ 6.98ಕ್ಕೆ ಏರಿತ್ತು. ಈ ಏರಿಕೆಯ ಬಹುಪಾಲಿಗೆ ಪರೀಕ್ಷಾ ವಿಧಾನಗಳು ಸುಧಾರಿಸಿದ್ದೇ ಕಾರಣವೆಂದು ತಜ್ಞರು ಭಾವಿಸುತ್ತಾರೆ. ಹಾಗಾದರೆ ಹಿಂದೆ ಇಂತಹ ಗೆಡ್ಡೆಗಳಿದ್ದವರಲ್ಲಿ ಅನೇಕರು ರೋಗದ ಹೆಸರೇ ತಿಳಿಯದೆ ನರಳಿರಬೇಕೆಂದು ಊಹಿಸಬಹುದು.

ಪ್ರಮುಖ ಬಗೆಗಳು ಮತ್ತು ಅವುಗಳ ಲಕ್ಷಣಗಳು

ಈ ಗೆಡ್ಡೆಗಳೆಲ್ಲವೂ ಹಾರ್ಮೋನಿನ ಲಕ್ಷಣಗಳನ್ನು ತೋರುವುದಿಲ್ಲ. ಹಲವು ಮೌನವಾಗಿದ್ದು, ಬೇರೆ ಕಾರಣಕ್ಕಾಗಿ ಸ್ಕ್ಯಾನಿಂಗ್ ಮಾಡಿಸಿದಾಗ ಆಕಸ್ಮಿಕವಾಗಿ ಕಾಣಿಸುತ್ತವೆ. ಲಕ್ಷಣ ತೋರುವ ಗೆಡ್ಡೆಗಳಲ್ಲಿ ಮುಖ್ಯವಾದವು ಇವು:

1. ಇನ್ಸುಲಿನೋಮ: ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಅಗತ್ಯವಿಲ್ಲದಾಗಲೂ ಇನ್ಸುಲಿನ್ ಸ್ರವಿಸುತ್ತದೆ. ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಂಕು, ವಿಚಿತ್ರ ವರ್ತನೆ, ಪ್ರಜ್ಞೆ ತಪ್ಪುವಿಕೆ ಕಾಣಿಸುತ್ತವೆ. ಹತ್ತರಲ್ಲಿ ಒಂಬತ್ತು ಇನ್ಸುಲಿನೋಮಗಳು ಹರಡದಂತಹವು.

2. ಗ್ಯಾಸ್ಟ್ರಿನೋಮ: ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಹೆಚ್ಚಾಗಿ ಜಠರದಲ್ಲಿ ಆಮ್ಲ ವಿಪರೀತವಾಗಿ ಒಸರುತ್ತದೆ. ಹುಣ್ಣುಗಳು ಮತ್ತೆ ಮತ್ತೆ ಮರುಕಳಿಸುತ್ತವೆ. ಜೊತೆಗೆ ಭೇದಿಯೂ ಇರಬಹುದು. 1955ರಲ್ಲಿ ಜೋಲಿಂಗರ್ ಮತ್ತು ಎಲಿಸನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಇದನ್ನು ವಿವರಿಸಿದರು.

3. ಕಾರ್ಸಿನಾಯ್ಡ್ ಲಕ್ಷಣಕೂಟ: ಸೆರೊಟೊನಿನ್ ಮುಂತಾದ ವಸ್ತುಗಳು ಹೆಚ್ಚಾಗಿ ಮುಖ ಮತ್ತು ಎದೆಯ ಮೇಲ್ಭಾಗ ಇದ್ದಕ್ಕಿದ್ದಂತೆ ಬಿಸಿಯೇರಿ ಕೆಂಪಾಗುವುದು, ಭೇದಿ, ಉಬ್ಬಸ ಕಾಣಿಸುತ್ತವೆ. ಕಾಲಕ್ರಮದಲ್ಲಿ ಹೃದಯದ ಬಲಭಾಗದ ಕವಾಟಗಳು ಕೆಡುತ್ತವೆ.

4. ವಿಪೋಮ: ಗಂಜಿ ತಿಳಿಯಂತಹ ನೀರು ಭೇದಿ ದಿನಕ್ಕೆ ಹಲವು ಲೀಟರುಗಳಷ್ಟಾಗಬಹುದು. ಉಪವಾಸವಿದ್ದರೂ ಅದು ನಿಲ್ಲುವುದಿಲ್ಲ. ರಕ್ತದ ಪೊಟ್ಯಾಸಿಯಂ ಇಳಿದು ಮಾಂಸಖಂಡಗಳು ಸೋಲುತ್ತವೆ. ಕಾಲರಾವನ್ನು ಹೋಲಿದರೂ ಕಾಲರಾದಂತೆ ಕೆಲವು ದಿನಗಳಲ್ಲಿ ಮುಗಿಯುವುದಿಲ್ಲ.

5. ಗ್ಲೂಕಗೊನೋಮ: ಸಕ್ಕರೆ ಕಾಯಿಲೆ, ತೂಕದ ಇಳಿಕೆ, ರಕ್ತಹೀನತೆ ಮತ್ತು ತೊಡೆಸಂದು, ಕೆಳಹೊಟ್ಟೆ, ಬಾಯಿಯ ಸುತ್ತ ಹರಿದಾಡುವ ಕೆಂಪು ಹುಣ್ಣಿನಂತಹ ಚರ್ಮರೋಗ ಇದರ ಗುರುತುಗಳು.

ಈ ಲಕ್ಷಣಗಳಲ್ಲಿ ಯಾವುದೂ ಹೊಸದಲ್ಲ, ಯಾವುದೂ ಅಪರೂಪದ್ದಲ್ಲ. ರೋಗನಿದಾನದ ಕಷ್ಟವಿರುವುದೇ ಇಲ್ಲಿ. ನಮ್ಮಲ್ಲಿ ದೀರ್ಘಕಾಲದ ಭೇದಿಗೆ ಅಮೀಬಾ, ಕರುಳಿನ ಕ್ಷಯ ಮುಂತಾದ ಕಾರಣಗಳೇ ಹೆಚ್ಚು. ಆದುದರಿಂದ ವೈದ್ಯರು ಮೊದಲು ಅವುಗಳನ್ನು ಶಂಕಿಸುವುದು ನ್ಯಾಯವಾಗಿಯೇ ಇದೆ. ಆದರೆ ಸರಿಯಾದ ಚಿಕಿತ್ಸೆ ಪಡೆದ ಮೇಲೂ ರೋಗ ಜಗ್ಗದಿದ್ದರೆ ಮೂಲದ ವಿಚಾರವನ್ನು ಮತ್ತೆ ಮಾಡಬೇಕಾಗುತ್ತದೆ.

ಕಾರ್ಸಿನಾಯ್ಡಿನ ಬಗ್ಗೆ ನಮ್ಮ ದೇಶದ ಮಟ್ಟಿಗೆ ಎರಡು ಮಾತುಗಳನ್ನು ವಿಶೇಷವಾಗಿ ಹೇಳಬೇಕು. ಮೊದಲನೆಯದಾಗಿ, ಕಪ್ಪು ಅಥವಾ ಗೋಧಿ ಮೈಬಣ್ಣದವರಲ್ಲಿ ಮುಖ ಕೆಂಪಾಗುವುದು ಎದ್ದು ಕಾಣುವುದಿಲ್ಲ. “ಮುಖದಲ್ಲಿ ಬೆಂಕಿ ಬಂದಂತಾಗುತ್ತದೆ” ಎಂದು ರೋಗಿ ಹೇಳುವ ಮಾತೇ ಇಲ್ಲಿ ಸಾಕ್ಷಿ. ಮಧ್ಯವಯಸ್ಸಿನ ಸ್ತ್ರೀಯರಲ್ಲಿ ಇದನ್ನು ಮುಟ್ಟು ನಿಲ್ಲುವ ಕಾಲದ ಬಿಸಿಯೆಂದು ತಳ್ಳಿಹಾಕುವ ಸಂಭವವೂ ಉಂಟು. ಎರಡನೆಯದಾಗಿ, ಸೆರೊಟೊನಿನ್ ತಯಾರಾಗುವುದು ಟ್ರಿಪ್ಟೊಫ್ಯಾನ್ ಎಂಬ ಆಹಾರಾಂಶದಿಂದ. ಗೆಡ್ಡೆಯು ಅದನ್ನೆಲ್ಲ ಕಬಳಿಸಿದರೆ ಅದರಿಂದಲೇ ತಯಾರಾಗಬೇಕಾದ ನಯಾಸಿನ್ ಎಂಬ ಜೀವಸತ್ವಕ್ಕೆ ಕೊರತೆ ಬಂದು ಪೆಲಾಗ್ರ ಉಂಟಾಗಬಹುದು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸಿಪ್ಪೆ ಏಳಬಹುದು. ಜೋಳವನ್ನೇ ನೆಚ್ಚಿಕೊಂಡಿದ್ದ ದಖನ್ನಿನ ಬಡಜನರಲ್ಲಿ ಪೆಲಾಗ್ರ ಹಿಂದೆ ಕಾಣಿಸುತ್ತಿದ್ದುದರಿಂದ ಅದನ್ನು ಕೇವಲ ಆಹಾರದ ಕೊರತೆಯೆಂದು ಭಾವಿಸುವ ರೂಢಿಯಿದೆ. ಚೆನ್ನಾಗಿ ಉಣ್ಣುವವರಲ್ಲಿ ಅದು ಕಂಡರೆ ಕಾರಣವನ್ನು ಹುಡುಕಬೇಕು.

ಒಂದು ಉದಾಹರಣೆ

ಪಾಠದ ಅನುಕೂಲಕ್ಕಾಗಿ ವಿಜಯಪುರ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಅವರ ವಯಸ್ಸು ನಲವತ್ತು. ಎರಡು ವರ್ಷಗಳಿಂದ ಬೆಳಗಿನ ಜಾವದಲ್ಲಿ ಎಬ್ಬಿಸಿದರೆ ಅವರು ಏನನ್ನೋ ಬಡಬಡಿಸುತ್ತಾರೆ. ಮನೆಯವರ ಗುರುತು ಹಿಡಿಯುವುದಿಲ್ಲ. ಏಕಾದಶಿಯ ಉಪವಾಸದ ದಿನ ಎರಡು ಬಾರಿ ಎಚ್ಚರ ತಪ್ಪಿ ಬಿದ್ದಿದ್ದಾರೆ. ಗಾಳಿ ಸೋಕಿದೆಯೆಂದು ನೆರೆಹೊರೆಯವರು ಹೇಳಿದರು. ಮೂರ್ಛೆರೋಗವೆಂದು ಗುಳಿಗೆಗಳನ್ನೂ ಕೊಡಲಾಯಿತು. ಗುಳಿಗೆಗಳಿಂದ ಪ್ರಯೋಜನವಾಗಲಿಲ್ಲ. ಆದರೆ ಅವರ ಅತ್ತೆಯವರು ಒಂದು ಸಂಗತಿಯನ್ನು ಗಮನಿಸಿದ್ದರು: ಬೆಲ್ಲದ ಚಹ ಕುಡಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಸೊಸೆ ಸರಿಹೋಗುತ್ತಾಳೆ. ಪದೇ ಪದೇ ಏನಾದರೂ ತಿನ್ನುತ್ತಿರುವುದರಿಂದ ಅವಳ ತೂಕವೂ ಹೆಚ್ಚಿದೆ.

ರೋಗನಿದಾನದ ಕೀಲಿಕೈ ಇರುವುದು ಅತ್ತೆಯವರ ಈ ಮಾತಿನಲ್ಲಿ. ಅಮೆರಿಕದ ಶಸ್ತ್ರವೈದ್ಯ ವಿಪಲ್ ಅವರು 1930ರ ದಶಕದಲ್ಲಿ ಮೂರು ಅಂಶಗಳ ಸೂತ್ರವೊಂದನ್ನು ರೂಪಿಸಿದರು. ಹಸಿದಾಗ ಅಥವಾ ಶ್ರಮಪಟ್ಟಾಗ ಸಕ್ಕರೆ ಇಳಿದಂತಹ ಲಕ್ಷಣಗಳು ಕಾಣಿಸಬೇಕು. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ ವಾಸ್ತವವಾಗಿ ಕಡಿಮೆ ಇರಬೇಕು. ಸಕ್ಕರೆ ಕೊಟ್ಟೊಡನೆ ಲಕ್ಷಣಗಳು ಶಮನವಾಗಬೇಕು. ಈ ಮೂರೂ ಕೂಡಿದಲ್ಲಿ ಮುಂದಿನ ತನಿಖೆ ಅಗತ್ಯ. ಸುಸ್ತಾದ ಹೊತ್ತಿನಲ್ಲಿ ರಕ್ತ ಪರೀಕ್ಷಿಸದೆ, ಮರುದಿನ ಊಟಮಾಡಿ ಬಂದ ಮೇಲೆ ಪರೀಕ್ಷಿಸಿ “ಸಕ್ಕರೆ ಸರಿಯಾಗಿದೆ” ಎಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಗೆಡ್ಡೆಯನ್ನು ಶಂಕಿಸುವ ಮುನ್ನ ಮತ್ತೊಂದು ವಿಚಾರಣೆ ನಡೆಯಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರಿದ್ದಾರೆಯೇ? ಗುಳಿಗೆಗಳು ಅದಲುಬದಲಾಗಿರಬಹುದೇ? ಮದ್ಯಪಾನ, ಪಿತ್ತಜನಕಾಂಗ ಅಥವಾ ಮೂತ್ರಪಿಂಡದ ರೋಗ ಇದೆಯೇ? ಸಕ್ಕರೆ ಇಳಿಯಲು ಇವೇ ಹೆಚ್ಚು ಸಾಮಾನ್ಯವಾದ ಕಾರಣಗಳು.

ಎಪ್ಪತ್ತೆರಡು ಗಂಟೆಗಳ ಉಪವಾಸ ಪರೀಕ್ಷೆ

ಇದು ಇನ್ಸುಲಿನೋಮದ ನಿರ್ಣಾಯಕ ಪರೀಕ್ಷೆ. ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡು, ನೀರು ಮತ್ತು ಸಕ್ಕರೆಯಿಲ್ಲದ ಪಾನೀಯಗಳನ್ನು ಮಾತ್ರ ಕೊಟ್ಟು, ಗರಿಷ್ಠ 72 ಗಂಟೆಗಳ ಕಾಲ ಉಪವಾಸವಿರಿಸಲಾಗುತ್ತದೆ. ಆರು ಗಂಟೆಗಳಿಗೊಮ್ಮೆ ರಕ್ತ ಪರೀಕ್ಷೆ ನಡೆಯುತ್ತದೆ. ಸಕ್ಕರೆ 60 ಮಿಲಿಗ್ರಾಂಗಿಂತ ಕೆಳಗಿಳಿದರೆ ಒಂದೆರಡು ಗಂಟೆಗಳಿಗೊಮ್ಮೆ. ಲಕ್ಷಣಗಳು ಕಾಣಿಸಿ ಸಕ್ಕರೆ ತೀರ ಇಳಿದಾಗ ಕೊನೆಯ ರಕ್ತದ ಮಾದರಿ ಪಡೆದು ಉಪವಾಸವನ್ನು ಮುಕ್ತಾಯಗೊಳಿಸುತ್ತಾರೆ. ಇನ್ಸುಲಿನೋಮ ಇರುವ ಬಹುಪಾಲು ರೋಗಿಗಳಲ್ಲಿ 48 ಗಂಟೆಗಳೊಳಗೇ ಫಲಿತಾಂಶ ದೊರೆಯುತ್ತದೆ.

ಇಲ್ಲಿನ ತರ್ಕ ಸರಳವಾದುದು. ಆರೋಗ್ಯವಂತನಲ್ಲಿ ಸಕ್ಕರೆ ಇಳಿದಂತೆ ಇನ್ಸುಲಿನ್ ಸ್ರಾವವೂ ಬಹುಮಟ್ಟಿಗೆ ನಿಲ್ಲುತ್ತದೆ. ಗೆಡ್ಡೆಗೆ ಈ ಅಂಕೆಯಿಲ್ಲ. ಆದುದರಿಂದ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 55 ಮಿಲಿಗ್ರಾಂಗಿಂತ ಕಡಿಮೆ ಇರುವಾಗಲೂ ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 3 ಮೈಕ್ರೊ ಯೂನಿಟ್ ಅಥವಾ ಹೆಚ್ಚು ಇದ್ದರೆ ಅದು ಅಸಹಜ. ಜೊತೆಗೆ ‘ಸಿ-ಪೆಪ್ಟೈಡ್’ ಎಂಬ ವಸ್ತುವನ್ನೂ ಅಳೆಯುತ್ತಾರೆ. ದೇಹವು ಇನ್ಸುಲಿನ್ ತಯಾರಿಸುವಾಗ ಇದೂ ಜೊತೆಯಾಗಿ ಹುಟ್ಟುತ್ತದೆ. ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿ ಇದು ಇರುವುದಿಲ್ಲ. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ಕಡಿಮೆಯಿದ್ದರೆ ಅದು ಹೊರಗಿನಿಂದ ಬಂದ ಇನ್ಸುಲಿನ್ ಎಂದು ತಿಳಿಯಬೇಕು. ಎರಡೂ ಹೆಚ್ಚಿದ್ದರೆ ದೇಹವೇ ಅದನ್ನು ತಯಾರಿಸುತ್ತಿದೆ. ಸಕ್ಕರೆ ಇಳಿಸುವ ಕೆಲವು ಗುಳಿಗೆಗಳೂ ಹೀಗೆಯೇ ಮಾಡಬಲ್ಲವಾದ್ದರಿಂದ ರಕ್ತದಲ್ಲಿ ಆ ಔಷಧಿಗಳು ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಈ ಪರೀಕ್ಷೆಯನ್ನು ಎಂದಿಗೂ ಮನೆಯಲ್ಲಿ ಪ್ರಯತ್ನಿಸಬಾರದು. ಸಕ್ಕರೆ ಅತಿಯಾಗಿ ಇಳಿದರೆ ಸೆಳವು, ಮಿದುಳಿಗೆ ಶಾಶ್ವತ ಹಾನಿ, ಮರಣ ಸಹ ಸಂಭವಿಸಬಹುದು.

ಹುಣ್ಣು ಮರುಕಳಿಸುವಾಗ

ಗ್ಯಾಸ್ಟ್ರಿನೋಮವನ್ನು ಶಂಕಿಸಿದಾಗ ಖಾಲಿ ಹೊಟ್ಟೆಯಲ್ಲಿ ರಕ್ತದ ಗ್ಯಾಸ್ಟ್ರಿನ್ ಪ್ರಮಾಣವನ್ನು ಅಳೆಯಲಾಗುತ್ತದೆ. ಆದರೆ ಈ ಸಂಖ್ಯೆಯೊಂದನ್ನೇ ನಂಬಿದರೆ ಮೋಸಹೋಗುವ ಸಂಭವವಿದೆ. ಜಠರದಲ್ಲಿ ಆಮ್ಲ ಕಡಿಮೆಯಾದಾಗ, ಅದನ್ನು ಹೆಚ್ಚಿಸಲೆಂದು ದೇಹವೇ ಗ್ಯಾಸ್ಟ್ರಿನ್ನನ್ನು ಏರಿಸುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಆಮ್ಲ ತಗ್ಗಿಸುವ ಗುಳಿಗೆಗಳನ್ನು ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಅವರಲ್ಲಿ ಗೆಡ್ಡೆಯಿಲ್ಲದಿದ್ದರೂ ಗ್ಯಾಸ್ಟ್ರಿನ್ ಹೆಚ್ಚಿರುತ್ತದೆ.

ಆದುದರಿಂದ ಗ್ಯಾಸ್ಟ್ರಿನ್ನಿನ ಜೊತೆಗೆ ಜಠರದ ಆಮ್ಲತೆಯನ್ನೂ ಅಳೆಯಬೇಕು. ಆಮ್ಲ ವಿಪರೀತವಾಗಿದ್ದು, ಅಂದರೆ ಪಿ.ಎಚ್. 2ಕ್ಕಿಂತ ಕಡಿಮೆಯಿದ್ದು, ಗ್ಯಾಸ್ಟ್ರಿನ್ ಸಹಜ ಮಿತಿಯ ಹತ್ತು ಪಟ್ಟು ಮೀರಿದ್ದರೆ ರೋಗ ಬಹುಮಟ್ಟಿಗೆ ಖಚಿತ. ಇವೆರಡರ ನಡುವಣ ಸಂದಿಗ್ಧ ಸ್ಥಿತಿಯಲ್ಲಿ ಸೆಕ್ರೆಟಿನ್ ಚುಚ್ಚುಮದ್ದು ಕೊಟ್ಟು ಪರೀಕ್ಷಿಸುವ ಕ್ರಮವಿದೆ. 1902ರಲ್ಲಿ ಕಂಡುಹಿಡಿದ ಆ ಮೊದಲ ಹಾರ್ಮೋನೇ ಇಲ್ಲಿ ಪರೀಕ್ಷೆಯ ಸಾಧನವಾಗಿದೆ. ಸೆಕ್ರೆಟಿನ್ ಕೊಟ್ಟಾಗ ಗೆಡ್ಡೆಯಿರುವವರಲ್ಲಿ ಗ್ಯಾಸ್ಟ್ರಿನ್ ಥಟ್ಟನೆ ಏರುತ್ತದೆ.

ಪರೀಕ್ಷೆಗೆ ಮುನ್ನ ಆಮ್ಲದ ಗುಳಿಗೆಗಳನ್ನು ಸಾಮಾನ್ಯವಾಗಿ ಒಂದೆರಡು ವಾರ ನಿಲ್ಲಿಸಬೇಕಾಗುತ್ತದೆ. ಆದರೆ ಇದನ್ನು ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ಮಾಡತಕ್ಕದ್ದು. ನಿಜವಾಗಿಯೂ ಗ್ಯಾಸ್ಟ್ರಿನೋಮ ಇರುವವರು ಥಟ್ಟನೆ ಗುಳಿಗೆ ಬಿಟ್ಟರೆ ಹುಣ್ಣಿನಿಂದ ರಕ್ತಸ್ರಾವವಾಗಬಹುದು. ಕರುಳಿಗೆ ತೂತು ಬೀಳಬಹುದು.

ಇಪ್ಪತ್ತನಾಲ್ಕು ಗಂಟೆಗಳ ಮೂತ್ರ ಪರೀಕ್ಷೆ

ಕಾರ್ಸಿನಾಯ್ಡ್ ಗೆಡ್ಡೆಯ ಸೆರೊಟೊನಿನ್ ದೇಹದಲ್ಲಿ ಬದಲಾವಣೆ ಹೊಂದಿ ಮೂತ್ರದಲ್ಲಿ ಹೊರಬೀಳುತ್ತದೆ. ಈ ವಸ್ತುವನ್ನು ಒಂದು ಇಡೀ ದಿನದ ಮೂತ್ರದಲ್ಲಿ ಅಳೆಯುತ್ತಾರೆ. ಪರೀಕ್ಷೆಯ ಯಶಸ್ಸಿನ ಅರ್ಧ ಭಾಗ ರೋಗಿಯ ಕೈಯಲ್ಲಿಯೇ ಇರುವುದರಿಂದ ಕ್ರಮವನ್ನು ಚೆನ್ನಾಗಿ ತಿಳಿದಿರಬೇಕು.

ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ, ಪರೀಕ್ಷೆ ಮುಗಿಯುವವರೆಗೆ, ಬಾಳೆಹಣ್ಣು, ಅನಾನಸು, ಟೊಮ್ಯಾಟೊ, ಬದನೆಕಾಯಿ ಮತ್ತು ಅಕ್ರೋಟುಗಳನ್ನು ತಿನ್ನಬಾರದು. ಇವುಗಳಲ್ಲಿ ಸೆರೊಟೊನಿನ್ ಇರುವುದರಿಂದ ಫಲಿತಾಂಶ ಸುಳ್ಳಾಗಿ ಏರುತ್ತದೆ. ಊಟದ ನಂತರ ಒಂದು ಬಾಳೆಹಣ್ಣು, ರೊಟ್ಟಿಯೊಡನೆ ಎಣ್ಣೆಗಾಯಿ, ಸಾರಿಗೆ ಟೊಮ್ಯಾಟೊ ನಮ್ಮ ನಿತ್ಯದ ರೂಢಿ. ರೋಗವಿಲ್ಲದವರಿಗೆ ರೋಗದ ಭಯ ಹುಟ್ಟಿಸಲು ಇಷ್ಟೇ ಸಾಕು. ಪ್ಯಾರಾಸಿಟಮಾಲ್ ಹಾಗೂ ಕೆಲವು ಕೆಮ್ಮಿನ ಔಷಧಿಗಳೂ ಪರೀಕ್ಷೆಯನ್ನು ಕೆಡಿಸಬಲ್ಲವು. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತಿಳಿಸಬೇಕು.

ಮೂತ್ರ ಸಂಗ್ರಹಿಸುವ ದಿನ ಬೆಳಿಗ್ಗೆ ಎದ್ದೊಡನೆ ಮಾಡುವ ಮೊದಲ ಮೂತ್ರವನ್ನು ಚೆಲ್ಲಿ ಆ ಸಮಯವನ್ನು ಬರೆದಿಡಬೇಕು. ಅಲ್ಲಿಂದ ಮುಂದಿನ ಎಲ್ಲ ಮೂತ್ರವನ್ನು, ಮರುದಿನ ಅದೇ ಸಮಯದ ಮೂತ್ರವೂ ಸೇರಿದಂತೆ, ಪ್ರಯೋಗಾಲಯ ಕೊಟ್ಟ ಡಬ್ಬಿಯಲ್ಲಿ ಶೇಖರಿಸಬೇಕು. ಡಬ್ಬಿಯೊಳಗೆ ಆಮ್ಲ ಹಾಕಿರುವುದುಂಟು. ಅದನ್ನು ಚೆಲ್ಲಬಾರದು, ಮುಟ್ಟಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಡಬ್ಬಿಯನ್ನು ಬಿಸಿಲಿನಿಂದ ದೂರವಾಗಿ ತಂಪಾದ ಸ್ಥಳದಲ್ಲಿ ಇಡತಕ್ಕದ್ದು. ನಡುವೆ ಒಂದು ಬಾರಿ ತಪ್ಪಿದರೂ ಅದನ್ನು ಮುಚ್ಚಿಡದೆ ಹೇಳಬೇಕು.

ರಕ್ತದಲ್ಲಿ ಅಳೆಯುವ ‘ಕ್ರೋಮೊಗ್ರಾನಿನ್-ಎ’ ಎಂಬ ಇನ್ನೊಂದು ಸೂಚಕವಿದೆ. ಆದರೆ ಆಮ್ಲದ ಗುಳಿಗೆಗಳಿಂದಲೂ ಮೂತ್ರಪಿಂಡದ ವೈಫಲ್ಯದಿಂದಲೂ ಇದು ಏರುತ್ತದೆ. ಆರೋಗ್ಯವಂತರು ಮುಂಜಾಗ್ರತೆಯೆಂದು ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ. ‘ಗೆಡ್ಡೆಯ ಸೂಚಕ’ಗಳೆಂದು ಇಂತಹ ಪರೀಕ್ಷೆಗಳನ್ನು ಒಟ್ಟಾಗಿ ಮಾಡಿಸಿಕೊಳ್ಳುವುದರಿಂದ ಹಣ ವ್ಯಯವಾಗುವುದಲ್ಲದೆ ಅನಗತ್ಯವಾದ ಭಯವೂ ಹುಟ್ಟುತ್ತದೆ.

ಮೂಲದ ಸ್ಥಾನವನ್ನು ಗುರುತಿಸುವುದು

ಹಾರ್ಮೋನು ಅಧಿಕವಾಗಿದೆಯೆಂದು ಸಿದ್ಧವಾದ ಬಳಿಕ ಗೆಡ್ಡೆ ಎಲ್ಲಿದೆಯೆಂಬ ಪ್ರಶ್ನೆ ಏಳುತ್ತದೆ. ಈ ಅನುಕ್ರಮ ಮುಖ್ಯವಾದುದು. ಮೊದಲೇ ಸ್ಕ್ಯಾನ್ ಮಾಡಿಸಿದರೆ ರೋಗಕ್ಕೆ ಸಂಬಂಧವಿಲ್ಲದ ಗಂಟನ್ನು ಕಂಡು ದಾರಿತಪ್ಪುವ ಸಂಭವವಿದೆ. ಸಾಮಾನ್ಯ ಅಲ್ಟ್ರಾಸೌಂಡಿನಲ್ಲಿ ಚಿಕ್ಕ ಗೆಡ್ಡೆ ಕಾಣದೆಯೂ ಹೋಗಬಹುದು. ಆದುದರಿಂದ ‘ಸ್ಕ್ಯಾನಿಂಗ್ ಸರಿಯಾಗಿದೆ’ ಎಂಬ ವರದಿಯೊಂದರಿಂದಲೇ ಶಂಕೆ ನಿವಾರಣೆಯಾಗುವುದಿಲ್ಲ.

ಈ ಗೆಡ್ಡೆಗಳಿಗೆ ರಕ್ತಪೂರೈಕೆ ಹೆಚ್ಚು. ರಕ್ತನಾಳಕ್ಕೆ ವಿಶೇಷ ದ್ರವ ಚುಚ್ಚಿ, ಅದು ಅಪಧಮನಿಗಳಲ್ಲಿ ಹರಿಯುವ ಕ್ಷಣದಲ್ಲಿಯೇ ಸಿ.ಟಿ. ಚಿತ್ರ ತೆಗೆದರೆ ಗೆಡ್ಡೆ ಬೆಳ್ಳಗೆ ಹೊಳೆಯುತ್ತದೆ. ಪಿತ್ತಜನಕಾಂಗಕ್ಕೆ ಹರಡಿರುವುದನ್ನು ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ. ಮೇದೋಜೀರಕ ಗ್ರಂಥಿಯ ಪುಟ್ಟ ಗೆಡ್ಡೆಗಳಿಗೆ ಎಂಡೋಸ್ಕೋಪಿಯ ಕೊಳವೆಯ ತುದಿಯಲ್ಲಿ ಅಲ್ಟ್ರಾಸೌಂಡ್ ಅಳವಡಿಸಿ, ಜಠರದ ಒಳಗಿನಿಂದಲೇ ನೋಡುವ ವಿಧಾನ ಬಹಳ ಉಪಯುಕ್ತ.

ಮತ್ತೊಂದು ವಿಧಾನವು ಈ ಗೆಡ್ಡೆಗಳ ಸ್ವಭಾವವನ್ನೇ ಬಳಸಿಕೊಳ್ಳುತ್ತದೆ. 1973ರಲ್ಲಿ ಅಮೆರಿಕದ ಗಿಯ್ಮೆ ಅವರ ಪ್ರಯೋಗಾಲಯದಲ್ಲಿ ‘ಸೊಮ್ಯಾಟೊಸ್ಟ್ಯಾಟಿನ್’ ಎಂಬ, ಇತರ ಹಾರ್ಮೋನುಗಳನ್ನು ತಡೆಯುವ ಹಾರ್ಮೋನನ್ನು ಗುರುತಿಸಲಾಯಿತು. ಬಹುಪಾಲು ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ಮೈಮೇಲೆ ಇದು ಬಂದು ಅಂಟಿಕೊಳ್ಳುವ ಗ್ರಾಹಕಗಳು ದಟ್ಟವಾಗಿವೆ. ಇದನ್ನು ಹೋಲುವ ವಸ್ತುವಿಗೆ ಗ್ಯಾಲಿಯಂ-68 ಎಂಬ ವಿಕಿರಣ ಧಾತುವನ್ನು ಜೋಡಿಸಿ ಚುಚ್ಚಿದರೆ ಅದು ಗೆಡ್ಡೆಯನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಆ ಸ್ಥಾನ ಬೆಳಗುತ್ತದೆ. ಗ್ಯಾಲಿಯಂ-68ರ ಅರ್ಧಾಯುಷ್ಯ ಸುಮಾರು 68 ನಿಮಿಷ ಮಾತ್ರ. ಆದುದರಿಂದ ಅದನ್ನು ಪರೀಕ್ಷೆ ನಡೆಯುವಲ್ಲಿಯೇ ಅಥವಾ ಸಮೀಪದಲ್ಲಿ ತಯಾರಿಸಬೇಕು. ಈ ಸೌಲಭ್ಯ ದೊಡ್ಡ ನಗರಗಳಿಗೆ ಸೀಮಿತವಾಗಿರುವುದಕ್ಕೆ ಇದೂ ಒಂದು ಕಾರಣ. ಇನ್ಸುಲಿನೋಮಗಳಲ್ಲಿ ಈ ಗ್ರಾಹಕಗಳು ಕಡಿಮೆಯಿರಬಹುದಾದ್ದರಿಂದ ಈ ಸ್ಕ್ಯಾನಿನಲ್ಲಿ ಅವು ತಪ್ಪಿಸಿಕೊಳ್ಳುವುದುಂಟು.

ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ರಕ್ತದಲ್ಲಿನ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನವನ್ನು ರೂಪಿಸಿದ ರೊಸಾಲಿನ್ ಯಾಲೊ ಮತ್ತು ಗಿಯ್ಮೆ ಇಬ್ಬರೂ 1977ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಹಾರ್ಮೋನನ್ನು ಅಳೆಯುವುದು, ಗೆಡ್ಡೆಯನ್ನು ಕಾಣುವುದು ಎಂಬ ಇಂದಿನ ನಿದಾನದ ಎರಡು ಹೆಜ್ಜೆಗಳಿಗೂ ಇವರ ಕಾರ್ಯವೇ ತಳಹದಿ.

ಅಂತಿಮ ನಿರ್ಣಯ ಮತ್ತು ಮುಂದಿನ ದಾರಿ

ಗೆಡ್ಡೆಯ ಸ್ವಭಾವವನ್ನು ನಿಶ್ಚಯಿಸುವುದು ಅದರ ತುಣುಕಿನ ಸೂಕ್ಷ್ಮದರ್ಶಕ ಪರೀಕ್ಷೆ. ವಿಭಜನೆಯಲ್ಲಿ ತೊಡಗಿರುವ ಜೀವಕೋಶಗಳ ಶೇಕಡಾ ಪ್ರಮಾಣವನ್ನು ಸೂಚಿಸುವ ‘ಕೆಐ-67’ ಎಂಬ ಅಂಕೆ ಇಲ್ಲಿ ಮುಖ್ಯ. ಅದು 3ಕ್ಕಿಂತ ಕಡಿಮೆಯಿದ್ದರೆ ಒಂದನೆಯ ದರ್ಜೆ, 3ರಿಂದ 20ರವರೆಗೆ ಎರಡನೆಯ ದರ್ಜೆ, 20ಕ್ಕಿಂತ ಹೆಚ್ಚಿದ್ದರೆ ಮೂರನೆಯ ದರ್ಜೆ. ದರ್ಜೆ ಏರಿದಷ್ಟೂ ಬೆಳವಣಿಗೆಯ ವೇಗ ಹೆಚ್ಚು. ರೋಗಿಯ ಬಂಧುಗಳು ವರದಿಯಲ್ಲಿ ಈ ಅಂಕೆ ಇದೆಯೇ ಎಂದು ವೈದ್ಯರನ್ನು ವಿಚಾರಿಸಬಹುದು. ಕಾರ್ಸಿನಾಯ್ಡ್ ಲಕ್ಷಣಗಳಿರುವ ರೋಗಿಗೆ ಅರಿವಳಿಕೆ ಕೊಡುವಾಗ ಅಥವಾ ಗೆಡ್ಡೆಯನ್ನು ಮುಟ್ಟುವಾಗ ರಕ್ತದೊತ್ತಡ ಅಪಾಯಕರವಾಗಿ ಏರುಪೇರಾಗಬಹುದು. ಆದುದರಿಂದ ಹಲ್ಲು ಕೀಳಿಸುವಂತಹ ಚಿಕ್ಕ ಚಿಕಿತ್ಸೆಗೆ ಮುನ್ನವೂ ರೋಗದ ಸಂಗತಿಯನ್ನು ತಿಳಿಸಬೇಕು.

ಕೆಲವು ಕುಟುಂಬಗಳಲ್ಲಿ ಈ ಗೆಡ್ಡೆಗಳು ಆನುವಂಶಿಕವಾಗಿ ಬರುತ್ತವೆ. ಸುಮಾರು ನಾಲ್ಕರಲ್ಲಿ ಒಂದು ಗ್ಯಾಸ್ಟ್ರಿನೋಮ ಈ ಬಗೆಯದು. ಅಂತಹ ಕುಟುಂಬಗಳಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಯ ದೋಷದಿಂದ ರಕ್ತದ ಕ್ಯಾಲ್ಸಿಯಂ ಹೆಚ್ಚಿ, ಮೂತ್ರಪಿಂಡದಲ್ಲಿ ಕಲ್ಲುಗಳಾಗುವುದು ಸಾಮಾನ್ಯ. ತಂದೆಗೆ ಕಲ್ಲು, ಅಣ್ಣನಿಗೆ ವಾಸಿಯಾಗದ ಹುಣ್ಣು ಎಂಬ ಸಂಗತಿ ವೈದ್ಯರ ಕಿವಿಗೆ ಬಿದ್ದರೆ ಅದು ಅಮೂಲ್ಯವಾದ ಸುಳಿವು.

ಚಿಕಿತ್ಸೆಯ ವಿವರ ಈ ಪಾಠದ ವ್ಯಾಪ್ತಿಗೆ ಸೇರಿದ್ದಲ್ಲ. ಗೆಡ್ಡೆ ಒಂದೆಡೆ ಇದ್ದರೆ ಶಸ್ತ್ರಕ್ರಿಯೆಯೇ ಉತ್ತಮ ಮಾರ್ಗ. 1929ರಲ್ಲಿಯೇ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನೋಮವನ್ನು ಯಶಸ್ವಿಯಾಗಿ ತೆಗೆದು ರೋಗಿಯನ್ನು ಗುಣಪಡಿಸಲಾಗಿತ್ತು. ಹರಡಿದ ರೋಗದಲ್ಲಿ ಆಕ್ಟ್ರಿಯೊಟೈಡ್ ಚುಚ್ಚುಮದ್ದು ಹಾರ್ಮೋನಿನ ಉಪಟಳವನ್ನು ತಗ್ಗಿಸುತ್ತದೆ. ಸ್ಕ್ಯಾನಿನಲ್ಲಿ ಗೆಡ್ಡೆಯನ್ನು ತೋರಿಸಿಕೊಟ್ಟ ವಸ್ತುವಿಗೇ ಲ್ಯುಟೀಷಿಯಂ-177 ಧಾತುವನ್ನು ಜೋಡಿಸಿ ಗೆಡ್ಡೆಯನ್ನು ಒಳಗಿನಿಂದ ಸುಡುವ ಚಿಕಿತ್ಸೆಯೂ ನಮ್ಮ ದೇಶದಲ್ಲಿ ಲಭ್ಯವಿದೆ. ಈ ಧಾತುವನ್ನು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ‘ಧ್ರುವ’ ರಿಯಾಕ್ಟರಿನಲ್ಲಿ ತಯಾರಿಸಲಾಗಿದೆಯೆಂಬುದು ಸಂತೋಷದ ವಿಷಯ.

ಓದುಗರ ಕರ್ತವ್ಯ

ನಮ್ಮ ಕಲ್ಪಿತ ಶಿಕ್ಷಕಿಯ ಮನೆಯವರು ಏನು ಮಾಡಬೇಕು? ಸುಸ್ತಾದ ದಿನಾಂಕ, ಗಂಟೆ, ಕೊನೆಯ ಊಟದ ಸಮಯ, ಸಕ್ಕರೆ ಕೊಟ್ಟ ಮೇಲೆ ಎಷ್ಟು ಹೊತ್ತಿನಲ್ಲಿ ಸರಿಹೋದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಗ್ಲೂಕೋಮೀಟರ್ ಇದ್ದರೆ ಆ ಹೊತ್ತಿನಲ್ಲಿಯೇ ಪರೀಕ್ಷಿಸಿ ಸಂಖ್ಯೆಯನ್ನು ಬರೆಯಬೇಕು. ಆದರೆ ಪರೀಕ್ಷೆಗಾಗಿ ಸಕ್ಕರೆ ಕೊಡುವುದನ್ನು ತಡಮಾಡಬಾರದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಪರವೂರಿಗೆ ಚಿಕಿತ್ಸೆಗೆ ಹೋಗುವಾಗ ಹಳೆಯ ವರದಿಗಳು, ಚಿತ್ರಗಳು, ನುಂಗಿದ ಗುಳಿಗೆಗಳ ಚೀಟಿಗಳೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಬೇಕು. ಪುಣೆಯ ಕಾತ್ರಜ–ಧನಕವಡಿ ಭಾಗದಲ್ಲಿರುವಂತಹ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮುಂತಾದೆಡೆ ಹಲವು ವಿಭಾಗಗಳ ತಜ್ಞರು ಇರುತ್ತಾರೆ. ಭಾಷೆ ಬಾರದ ಊರಿನಲ್ಲಿ ರೋಗಿಯ ಮಾತು ಅರ್ಧ ಮಾತ್ರ ತಲುಪುತ್ತದೆ. ಸಮಯ ಸಹಿತ ಬರೆದಿಟ್ಟ ಒಂದು ಪುಟ ಉಳಿದರ್ಧವನ್ನು ತಲುಪಿಸುತ್ತದೆ.

ನೆನಪಿಡಬೇಕಾದ ಅಂಶಗಳು

1. ಹಸಿದಾಗ ಮಂಕು ಕವಿದು ಸಿಹಿ ತಿಂದೊಡನೆ ಸರಿಹೋದರೆ, ಲಕ್ಷಣವಿರುವ ಹೊತ್ತಿನಲ್ಲಿಯೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

2. ಮರುಕಳಿಸುವ ಹುಣ್ಣಿನೊಡನೆ ಭೇದಿ, ಉಪವಾಸದಲ್ಲಿಯೂ ನಿಲ್ಲದ ಭೇದಿ, ಭೇದಿಯೊಡನೆ ಮುಖದ ಬಿಸಿ ಇವು ತಜ್ಞರಿಗೆ ತೋರಿಸಬೇಕಾದ ಲಕ್ಷಣಗಳು.

3. ಮೊದಲು ಹಾರ್ಮೋನನ್ನು ಅಳೆಯಬೇಕು, ಅನಂತರ ಗೆಡ್ಡೆಯ ಸ್ಥಾನವನ್ನು ಹುಡುಕಬೇಕು.

4. ಆಹಾರ ಮತ್ತು ಗುಳಿಗೆಗಳು ಪರೀಕ್ಷೆಯನ್ನು ಕೆಡಿಸಬಲ್ಲವು. ವೈದ್ಯರ ಸೂಚನೆಯಿಲ್ಲದೆ ಗುಳಿಗೆಗಳನ್ನು ನಿಲ್ಲಿಸಲೂ ಬಾರದು.

5. ಈ ಗೆಡ್ಡೆಗಳು ವಿರಳ. ಇಲ್ಲಿ ಹೇಳಿದ ಲಕ್ಷಣಗಳಿಗೆ ಬಹುತೇಕ ವೇಳೆ ಸಾಮಾನ್ಯ ಕಾರಣಗಳೇ ಇರುತ್ತವೆ. ಭಯಪಡಬೇಕಾಗಿಲ್ಲ, ಆದರೆ ಸರಿಯಾದ ಚಿಕಿತ್ಸೆಯ ನಂತರವೂ ಗುಣವಾಗದ ರೋಗದ ಮೂಲವನ್ನು ಮತ್ತೊಮ್ಮೆ ವಿಚಾರಿಸುವಂತೆ ಕೇಳಲು ಸಂಕೋಚಪಡಬಾರದು.